ಆಟಿಕೆ ಲಾರಿಗೆ ನೀರಿನ ಸ್ಟಿಯರಿಂಗ್

ಸೋದರಿಯರೇ, ಪರೀಕ್ಷೆಗೆ ಇನ್ನೆರಡೇ ತಿಂಗಳು ಇರುವಾಗ ಮಗ ಪುಸ್ತಕ ಬದಿಗಿಟ್ಟು, ರಿಮೋಟಿನ ಆಟಿಕೆ ಲಾರಿಯನ್ನು ಬಿಚ್ಚಿ ಹರವಿಕೊಂಡು ಕೂತರೆ ನೀವೇನು ಮಾಡುತ್ತೀರಿ? ನಾನಂತೂ ಎಲ್ಲವನ್ನೂ ಬಾಚಿ ಅಟ್ಟಕ್ಕೆ ಹಾಕಿದೆ.

ಲಾರಿ ಎಂದರೆ ನನಗೆ ಆಗುವುದಿಲ್ಲ. ಅದಕ್ಕೆ ಕಾರಣವೂ ಇದೆ. ನಮ್ಮ ಮನೆಯವರು ಇಪ್ಪತ್ತು ವರ್ಷ ಲಾರಿ ಓಡಿಸಿದವರು. ಪವರ್ ಸ್ಟಿಯರಿಂಗ್ ಇಲ್ಲದ ಹಳೆಯ ಗಾಡಿ. ಜೊಯಿಡಾದಿಂದ ಅಣಶಿ ಘಾಟ್ ಇಳಿದು ಕಾರವಾರಕ್ಕೆ ಹೋಗಿ ಬಂದ ರಾತ್ರಿ, ಊಟದ ತಟ್ಟೆಗೆ ಕೈ ತರಲಾರದಷ್ಟು ಭುಜ ನೋವು. ಎಣ್ಣೆ ತಿಕ್ಕಿ ತಿಕ್ಕಿ ನನ್ನ ಕೈಯೂ ಸೋತಿತ್ತು. ಕಡೆಗೆ ಡಾಕ್ಟರು ಸಾಕು ಎಂದ ಮೇಲೆ ಬಿಟ್ಟರು. ಈಗ ಸಣ್ಣ ಕಿರಾಣಿ ಅಂಗಡಿ. ಮಗನಾದರೂ ಓದಿ ಮುಂದೆ ಬರಲಿ ಎಂದು ನಾನಿದ್ದರೆ, ಅವನಿಗೂ ಲಾರಿಯದೇ ಹುಚ್ಚೇ?

ಎರಡು ದಿನ ಹುಡುಗ ಮಾತಾಡಲಿಲ್ಲ. ಮೂರನೆಯ ದಿನ ಇವರೇ ಅಟ್ಟ ಹತ್ತಿ ಲಾರಿ ಇಳಿಸಿದರು. "ಅವ ಏನ ಕೇಳತಾನ, ಒಮ್ಮೆ ಕೇಳಿ ನೋಡು" ಅಂದರು.

ಅವನು ಕೇಳಿದ್ದು ಇಷ್ಟೇ. ಖಾಲಿ ಲಾರಿ ಸರಾಗ ತಿರುಗುತ್ತದೆ. ಎರಡು ಕಿಲೋ ಅಕ್ಕಿ ಚೀಲ ಹೇರಿದರೆ ಮುಂದಿನ ಚಕ್ರ ಅಲುಗುವುದಿಲ್ಲ. "ಅಪ್ಪನ ಲಾರಿನೂ ಹಿಂಗ ಇತ್ತೇನು, ಆಯಿ?"

ನನಗೆ ಉತ್ತರ ಹೊರಡಲಿಲ್ಲ.

ಇವರು ಹೇಳಿಕೊಟ್ಟರು. ಪವರ್ ಸ್ಟಿಯರಿಂಗಿನ ಲಾರಿಯಲ್ಲಿ ಎಂಜಿನ್ನಿನಿಂದ ಓಡುವ ಪಂಪು ಎಣ್ಣೆಯನ್ನು ಒತ್ತುತ್ತದೆ. ಡ್ರೈವರ್ ಸ್ವಲ್ಪ ತಿರುಗಿಸಿದರೆ ಉಳಿದ ಭಾರ ಎಣ್ಣೆಯೇ ಹೊರುತ್ತದೆ. ಮಾರಾಟದ ಕಾರಿಗೆ ಇದನ್ನು ಮೊದಲು ಹಾಕಿದ್ದು ಅಮೆರಿಕದ ಕ್ರೈಸ್ಲರ್ ಕಂಪನಿ, 1951ರಲ್ಲಿ. ಮಣ್ಣು ತುಂಬುವ ದೊಡ್ಡ ಯಂತ್ರಗಳಲ್ಲಂತೂ ಸ್ಟಿಯರಿಂಗಿಗೂ ಚಕ್ರಕ್ಕೂ ನಡುವೆ ಕಬ್ಬಿಣದ ಸರಳೇ ಇರುವುದಿಲ್ಲ, ಎಣ್ಣೆಯ ನಳಿಕೆ ಮಾತ್ರ. ಮಗ ಮಾಡಹೊರಟಿದ್ದು ಇದನ್ನೇ, ಸಿರಿಂಜು ಮತ್ತು ನೀರಿನಲ್ಲಿ.

ನೀರಿನ ಶಕ್ತಿ ನಮ್ಮ ಕಡೆಯವರಿಗೆ ಹೊಸದಲ್ಲ. ನಮ್ಮ ಅತ್ತೆಯವರ ಊರು ಹಳೆಯ ಸೂಪಾ. ಕಾಳಿ ನದಿಗೆ ಕಟ್ಟಿದ 101 ಮೀಟರ್ ಎತ್ತರದ ಅಣೆಕಟ್ಟು 1987ರಲ್ಲಿ ಪೂರ್ತಿಯಾಯಿತು. ಊರು ಹಿನ್ನೀರಿನಡಿ ಹೋಯಿತು. ಆದರೆ ಅಂಗೈಯಷ್ಟು ನೀರಿಗೂ ಇಂಥ ಶಕ್ತಿ ಉಂಟು ಎನ್ನುವುದನ್ನು ನಾನು ಹತ್ತನೆಯ ತರಗತಿಯಲ್ಲಿ ಬಾಯಿಪಾಠ ಮಾಡಿದ್ದೆ, ಕಂಡಿರಲಿಲ್ಲ. ಮುಚ್ಚಿದ ನೀರನ್ನು ಒಂದು ಕಡೆ ಒತ್ತಿದರೆ ಒತ್ತಡ ಎಲ್ಲ ಕಡೆಗೂ ಒಂದೇ ಸಮನಾಗಿ ಹರಡುತ್ತದೆ. ಮುನ್ನೂರೈವತ್ತು ವರ್ಷಕ್ಕೂ ಹಿಂದೆ ಇದನ್ನು ಕಂಡುಕೊಂಡವನು ಫ್ರಾನ್ಸಿನ ಪ್ಯಾಸ್ಕಲ್.

ಬೇಕಾಗುವ ಸಾಮಾನು: 2 ಮಿಲೀ ಸಿರಿಂಜು ಎರಡು, 5 ಮಿಲೀ ಸಿರಿಂಜು ಎರಡು, ಮೀನಿನ ತೊಟ್ಟಿಗೆ ಗಾಳಿ ಬಿಡುವ ಸಣ್ಣ ನಳಿಕೆ ಎರಡು ತುಂಡು, ಲೋಹದ ಹಲ್ಲುಗಳಿರುವ ಸರ್ವೋ ಮೋಟರ್, ಅದಕ್ಕೆ ಹೊಂದುವ ರಿಮೋಟ್, ರಿಸೀವರ್ ಮತ್ತು ಬ್ಯಾಟರಿ. ಸರ್ವೋ ಎಂದರೆ ರಿಮೋಟ್ ಹೇಳಿದಷ್ಟೇ ತಿರುಗಿ ಅಲ್ಲೇ ನಿಲ್ಲುವ ಪುಟ್ಟ ಮೋಟರು. ಸಿರಿಂಜನ್ನು ಔಷಧಿ ಅಂಗಡಿಯಿಂದ ಹೊಸದಾಗಿಯೇ ತನ್ನಿ, ಸೂಜಿ ಬೇಡವೆನ್ನಿ. ಬಳಸಿ ಬಿಸಾಡಿದ್ದನ್ನು ಮಕ್ಕಳು ಹೆಕ್ಕಿ ತರದಂತೆ ಕಟ್ಟುನಿಟ್ಟಾಗಿ ಹೇಳಿ. ಅದರಿಂದ ಕಾಮಾಲೆಯಂಥ ರೋಗ ಅಂಟೀತು.

ಮಾಡುವ ವಿಧಾನ: ಸರ್ವೋದ ಮೇಲೆ ತಕ್ಕಡಿಯ ದಂಡದಂತೆ ಒಂದು ಪಟ್ಟಿ ಕೂರಿಸಿ, ಅದರ ಎರಡು ತುದಿಗೆ ಸಣ್ಣ ಸಿರಿಂಜುಗಳ ಕಡ್ಡಿ ಸೇರಿಸಬೇಕು. ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಸರಳಿನ ಎಡಕ್ಕೊಂದು ಬಲಕ್ಕೊಂದು ದೊಡ್ಡ ಸಿರಿಂಜು. ಒಂದೊಂದು ಸಣ್ಣದಕ್ಕೆ ಒಂದೊಂದು ದೊಡ್ಡದನ್ನು ನಳಿಕೆಯಿಂದ ಸೇರಿಸಿ ನೀರು ತುಂಬಬೇಕು. ಚಕ್ರ ನೇರವಿರುವಾಗ ನಾಲ್ಕೂ ಕಡ್ಡಿ ಅರ್ಧದಲ್ಲಿರಲಿ. ಪಟ್ಟಿ ಒಂದು ಕಡೆ ವಾಲಿದರೆ ಒಂದು ಜೋಡಿ ತಳ್ಳುತ್ತದೆ, ಇನ್ನೊಂದು ಹಿಂದೆ ಸರಿಯುತ್ತದೆ. ಒಂದೇ ಜೋಡಿ ಸಾಲದೇ ಎಂದು ಕೇಳಿದೆ. ನೀರಿಗೆ ತಳ್ಳುವುದು ಸುಲಭ, ಎಳೆಯುವುದು ಕಷ್ಟ. ಎಳೆದಾಗ ರಬ್ಬರಿನ ಪಕ್ಕದಿಂದ ಗಾಳಿ ನುಗ್ಗುತ್ತದೆ.

ಸಣ್ಣದು ದೊಡ್ಡದನ್ನು ತಳ್ಳಿದರೆ ಬಲ ಹೆಚ್ಚುತ್ತದೆ, ಆದರೆ ಓಟ ಕಡಿಮೆಯಾಗುತ್ತದೆ. 2 ಮಿಲೀ ಸಿರಿಂಜಿನ ಕಡ್ಡಿ ಸರಿದ ದೂರದ ಸುಮಾರು ಅರ್ಧದಷ್ಟು 5 ಮಿಲೀಯದು ಸರಿಯುತ್ತದೆ, 10 ಮಿಲೀಯದು ಮೂರರಲ್ಲೊಂದು. ಮಗ ಮೊದಲು ಆಸೆಪಟ್ಟು 10 ಮಿಲೀಯದನ್ನೇ ಹಾಕಿದ್ದ. ಚಕ್ರ ಕಂಡೂ ಕಾಣದಷ್ಟು ತಿರುಗಿತು. 5ಕ್ಕೆ ಇಳಿದ ಮೇಲೆ ಸರಿಹೋಯಿತು.

ಆಮೇಲೆ ಅಪ್ಪನ ಲಾರಿಯಲ್ಲಿ ಎಣ್ಣೆ ಇರುತ್ತದೆಂದು ನನ್ನ ಕೊಬ್ಬರಿ ಎಣ್ಣೆ ತುಂಬಿದ. ಸಂಜೆ ಓಡಿತು. ನಮ್ಮ ಊರಿನ ಚಳಿ ಗೊತ್ತಲ್ಲ, ಬೆಳಿಗ್ಗೆ ಎಣ್ಣೆ ಬೆಳ್ಳಗೆ ಗಟ್ಟಿಯಾಗಿ ಸ್ಟಿಯರಿಂಗೇ ಹೆಪ್ಪುಗಟ್ಟಿತ್ತು! ಅಪ್ಪ ಮಗ ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಆ ಮನೆಯಲ್ಲಿ ಅಂಥ ನಗು ಕೇಳಿ ಎಷ್ಟು ದಿನವಾಗಿತ್ತೋ.

ಮತ್ತೆ ನೀರೇ. ಆದರೂ ರಿಮೋಟ್ ತಿರುಗಿಸಿದರೆ ಚಕ್ರ ತಡವಾಗಿ, ಮೆತ್ತಗೆ ಹೊರಳುತ್ತಿತ್ತು. ನಳಿಕೆಯೊಳಗೆ ಗಾಳಿಗುಳ್ಳೆ. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಹಾಗೆ ಕುಗ್ಗುವುದಿಲ್ಲ. ಒಂದು ಗುಳ್ಳೆ ಸಾಕು, ತಳ್ಳಿದ್ದೆಲ್ಲ ಅಲ್ಲೇ ಮಾಯ. ಇಲ್ಲಿ ಮಾತ್ರ ನನ್ನ ಬುದ್ಧಿ ಉಪಯೋಗಕ್ಕೆ ಬಂತು. ನೀರು ಕಾಯಿಸಿ ಆರಿಸಿದೆ, ಕುದಿಸಿದರೆ ಕರಗಿದ ಗಾಳಿ ಹೋಗುತ್ತದೆ. ಬಟ್ಟೆಗೆ ಹಾಕುವ ನೀಲಿ ಒಂದು ತೊಟ್ಟು ಬೆರೆಸಿದೆ, ಗುಳ್ಳೆ ಕಣ್ಣಿಗೆ ಕಾಣಲಿ ಎಂದು. ಬೋಗುಣಿಯ ನೀರಿನಲ್ಲಿ ಎಲ್ಲವನ್ನೂ ಮುಳುಗಿಸಿಯೇ ಜೋಡಿಸಿದೆವು.

ಆ ರಾತ್ರಿ ಎರಡು ಕಿಲೋ ಅಕ್ಕಿ ಹೊತ್ತ ಲಾರಿ ನಿಂತಲ್ಲೇ ಚಕ್ರ ತಿರುಗಿಸಿತು. ಮಗ ರಿಮೋಟನ್ನು ಅಪ್ಪನ ಕೈಗೆ ಕೊಟ್ಟ. ಲಾರಿ ಅಡುಗೆಮನೆಯ ಹೊಸಿಲ ಹತ್ತಿರ ಹೊರಳಿ ನನ್ನ ಕಡೆ ಬಂತು.

"ಒಂದ ಬೆರಳಿನಾಗ" ಎಂದರು ಇವರು. ಮತ್ತೇನೂ ಹೇಳಲಿಲ್ಲ. ಎಡಗೈ ಮಾತ್ರ ಬಲಭುಜದ ಮೇಲಿತ್ತು. ನಾನು ಒಲೆಯ ಕಡೆ ಮುಖ ತಿರುಗಿಸಿಕೊಂಡೆ.

ಹುಡುಗನಿಗೆ ಬೇಕಾಗಿದ್ದದ್ದು ಲಾರಿಯ ಹುಚ್ಚಲ್ಲ, ಅಪ್ಪನ ನೋವಿಗೆ ಒಂದು ಉತ್ತರ. ನಾನು ಕೇಳದೆಯೇ ಅಟ್ಟಕ್ಕೆ ಹಾಕಿದ್ದೆ. ಪರೀಕ್ಷೆಯಲ್ಲಿ ಗಣಿತದ ಅಂಕ ಅಷ್ಟಕ್ಕಷ್ಟೇ ಬಂತು, ಸುಳ್ಳೇಕೆ ಹೇಳಲಿ? ಆದರೆ ಒತ್ತಡದ ಪಾಠ ಅವನು ಇನ್ನು ಮರೆಯುವುದಿಲ್ಲ, ನಾನೂ ಮರೆಯುವುದಿಲ್ಲ. ಈಗ ನಮ್ಮಲ್ಲಿ ಒಂದು ಕರಾರಿದೆ: ಓದು ಮುಗಿದ ಮೇಲೆ ದಿನಕ್ಕೆ ಒಂದು ಗಂಟೆ ಲಾರಿಗೆ.

ನಿಮ್ಮ ಮನೆಯಲ್ಲೂ ಮಗನೋ ಮಗಳೋ ಏನನ್ನಾದರೂ ಬಿಚ್ಚಿ ಕೂತಿದ್ದರೆ, ಎತ್ತಿಡುವ ಮುಂಚೆ ಒಂದು ಮಾತು ಕೇಳಿ ನೋಡಿ. ಬೋಗುಣಿ ಬೇಕಾದರೆ ಹಳೆಯದನ್ನೇ ಕೊಡಿ, ನೀಲಿ ಬಣ್ಣ ಬೇಗ ಬಿಡುವುದಿಲ್ಲ.