ಕೋಟೆ ಹೇಳದ್ದನ್ನು ಹೇಳುವ ರಾಣಿಯ ಕಾಗದ

ಹಿರೀಸಾವೆಯಿಂದ ಹಾಸನದ ಕಡೆ ಹೊರಟರೆ ಚನ್ನರಾಯಪಟ್ಟಣ ಸಿಗುತ್ತದೆ. ಅಲ್ಲಿನ ಕೋಟೆಗೆ ನೀರಿನ ಕಂದಕ ಮಾಡಿಸಿ ಭದ್ರಪಡಿಸಿದವನು ಹೈದರ್ ಅಲಿ. ಆಳಿದವರು ಹೀಗೆ ಕಲ್ಲಿನಲ್ಲಿ ಉಳಿಯುತ್ತಾರೆ. ಅದೇ ಕಾಲದಲ್ಲಿ ಶ್ರೀರಂಗಪಟ್ಟಣದ ಅರಮನೆಯೊಳಗೇ ಕಾವಲಿನಲ್ಲಿ ಬದುಕಿದ ರಾಣಿ ಲಕ್ಷ್ಮಮ್ಮಣ್ಣಿಯವರು ಉಳಿದಿರುವುದು ಕಾಗದಗಳಲ್ಲಿ.

ಇವರು ಮೈಸೂರಿನ ಅರಸ ಇಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ. 1761ರಲ್ಲಿ ಅಧಿಕಾರ ಹೈದರನ ಪಾಲಾಯಿತು, 1766ರಲ್ಲಿ ಪತಿ ತೀರಿಕೊಂಡರು. ಆಮೇಲೆ ಗಾದಿಯ ಮೇಲೆ ಅರಸರಿದ್ದರೂ ಆಡಳಿತ ಅವರದಾಗಿರಲಿಲ್ಲ. ರಾಣಿ ಪ್ರಧಾನ ತಿರುಮಲರಾಯ, ನಾರಾಯಣರಾಯ ಸೋದರರ ಮೂಲಕ ಮದರಾಸಿನ ಇಂಗ್ಲಿಷರೊಡನೆ ಗುಟ್ಟಾಗಿ ಪತ್ರವ್ಯವಹಾರ ನಡೆಸಿದರು. ರಾಜ್ಯ ಮರಳಿ ಸಿಕ್ಕರೆ ಸೋದರರಿಗೆ ವಂಶಪಾರಂಪರ್ಯ ಪ್ರಧಾನಗಿರಿ, ರಾಜ್ಯದ ಆದಾಯದಲ್ಲಿ ಹತ್ತನೇ ಒಂದು ಪಾಲು ಎಂದು ಮಾತು ಕೊಟ್ಟರು. 1782ರ ಅಕ್ಟೋಬರ್ 28ರಂದು ತಂಜಾವೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಡನೆ ಒಪ್ಪಂದವೂ ಆಯಿತು. ಆದರೆ 1784ರ ಮಂಗಳೂರು ಒಪ್ಪಂದದಲ್ಲಿ ಕಂಪನಿ ಹೈದರನ ಮಗ ಟಿಪ್ಪುವಿನೊಡನೆ ರಾಜಿಯಾಯಿತು. ರಾಣಿಯೊಡನೆ ಆದ ಒಪ್ಪಂದ ಮೂಲೆ ಸೇರಿತು. 1796ರಲ್ಲಿ ಗಾದಿಯ ಮೇಲಿದ್ದ ಖಾಸಾ ಚಾಮರಾಜರು ತೀರಿಕೊಂಡ ಮೇಲೆ ರಾಜಕುಟುಂಬ ಅರಮನೆಯನ್ನೂ ಬಿಡಬೇಕಾಯಿತು.

ಟಿಪ್ಪು ಮಡಿದ ಮರುತಿಂಗಳು, 1799ರ ಜೂನ್ 24ರಂದು, ಲಕ್ಷ್ಮಮ್ಮಣ್ಣಿ ಮತ್ತು ರಾಜಕುಟುಂಬದವರೇ ಆದ ದೇವಾಜಮ್ಮಣ್ಣಿ ಕಂಪನಿಯ ಕಮಿಷನರರಿಗೆ ಬರೆದ ಪತ್ರ ಇಂಗ್ಲಿಷಿನಲ್ಲಿ ಉಳಿದಿದೆ. ನಮ್ಮ ದೊರೆತನ ಹೋಗಿ ನಲವತ್ತು ವರ್ಷವಾಯಿತು ಎನ್ನುತ್ತಾರೆ. ಐದು ವರ್ಷ ತುಂಬದ ಮುಮ್ಮಡಿ ಕೃಷ್ಣರಾಜರಿಗೆ ರಾಜ್ಯ ಕೊಟ್ಟದ್ದಕ್ಕೆ, ಪೂರ್ಣಯ್ಯನವರನ್ನು ದಿವಾನರನ್ನಾಗಿ ಮಾಡಿದ್ದಕ್ಕೆ ಸಂತೋಷಪಡುತ್ತಾರೆ. ಸೂರ್ಯಚಂದ್ರರಿರುವ ತನಕ ನಿಮಗೆ ತಪ್ಪಿ ನಡೆಯೆವೆಂದು ಮಾತು ಕೊಡುತ್ತಾರೆ. ದಶಕಗಟ್ಟಲೆ ತಮಗಾಗಿ ಅಲೆದ ತಿರುಮಲರಾಯರ ಹೆಸರು ಮಾತ್ರ ಅಲ್ಲಿಲ್ಲ.

ಈ ಮೌನವೂ ಇತಿಹಾಸವೇ. ಷರತ್ತು ಹಾಕಿ ಚೌಕಾಸಿ ಮಾಡಿದ್ದ ರಾಣಿ ಗೆದ್ದ ದಿನ ಇನ್ನೊಬ್ಬರ ಆಶ್ರಿತೆಯಾಗಿದ್ದರು. ದಿವಾನರು ಯಾರಾಗಬೇಕೆಂಬುದೂ ಅವರ ಕೈಯಲ್ಲಿರಲಿಲ್ಲ. ಜೊತೆಗೆ, ಅವರ ಮಾತು ನಮಗೆ ತಲುಪಿರುವುದು ಪ್ರಧಾನರನ್ನು, ದುಭಾಷಿಗಳನ್ನು, ಕಂಪನಿಯ ಗುಮಾಸ್ತರನ್ನು ದಾಟಿ. ಪ್ರತಿಯೊಬ್ಬರಿಗೂ ಅವರವರ ಲಾಭವಿತ್ತು. ವಿಲ್ಕ್ಸ್ ಬರೆದ ಚರಿತ್ರೆಯನ್ನೂ ಹಯವದನರಾಯರ ಮೈಸೂರು ಇತಿಹಾಸದ ಸಂಪುಟಗಳನ್ನೂ ಪಕ್ಕಕ್ಕಿಟ್ಟುಕೊಂಡೇ ಈ ಪತ್ರಗಳನ್ನು ಓದಬೇಕು.

ಟಿಪ್ಪುವಿನ ಪರ ವಿರೋಧದ ಗದ್ದಲದಲ್ಲಿ ರಾಣಿಯನ್ನು ಕೆಲವರು ವೀರಮಾತೆಯೆನ್ನುತ್ತಾರೆ, ಕೆಲವರು ಒಳಸಂಚುಗಾರ್ತಿಯೆನ್ನುತ್ತಾರೆ. ಸೈನ್ಯವಿಲ್ಲದೆ, ಬೊಕ್ಕಸವಿಲ್ಲದೆ ಒಬ್ಬ ಹೆಂಗಸು ಮೂರು ದಶಕ ರಾಜಕಾರಣ ನಡೆಸಿದ್ದು ಹೇಗೆಂದು ತಿಳಿಯಲು ಆ ಎರಡು ಬಿರುದೂ ಸಾಲವು. ನಮ್ಮ ಶಾಲೆಗಳ ಮಕ್ಕಳು ಕೋಟೆಯ ಜೊತೆಗೆ ಆ ಜೂನ್ ತಿಂಗಳ ಪತ್ರವನ್ನೂ ಓದಲಿ. ಯಾರು, ಯಾರಿಗೆ, ಯಾವ ಇಕ್ಕಟ್ಟಿನಲ್ಲಿ ಬರೆದರು ಎಂದು ಕೇಳುವುದನ್ನು ಅವರು ಕಲಿಯಬೇಕು.