ಮಾಹಿತಿ ಹಕ್ಕು: ಅರ್ಜಿ ಸುಲಭ, ಉತ್ತರ ಕಷ್ಟ

ಮಾಹಿತಿ ಹಕ್ಕು ಕಾಯಿದೆ ಬಂದದ್ದು 2005ರಲ್ಲಿ. ಬಿಳಿ ಹಾಳೆಯಲ್ಲಿ ಅರ್ಜಿ, ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಓದಲು ಇಷ್ಟೇ. ಆದರೆ ಉತ್ತರ ಕೊಡದಿದ್ದರೆ ಕೊಡಿಸುವುದು ಹೇಗೆ? ನಮ್ಮಂಥ ಕೃಷಿಕರು ಸೋಲುವುದು ಇಲ್ಲೇ.

ನನ್ನ ತೋಟದ ಹದ್ದುಬಸ್ತಿಗೆ ಹಣ ಕಟ್ಟಿ ಎಂಟು ತಿಂಗಳಾದರೂ ಸರ್ವೆಯವರು ಬರಲಿಲ್ಲ. ಬೇಲಿ ಹಾಕುವಂತಿಲ್ಲ, ನೆರೆಯವರೊಡನೆ ಮಾತೂ ಕೆಟ್ಟಿತು. ಕಚೇರಿಗೆ ಹೋದರೆ ‘ನಾಳೆ ಬನ್ನಿ’. ಕೊನೆಗೆ ಮಾಹಿತಿ ಹಕ್ಕಿನಲ್ಲಿ ಕೇಳಿದೆ. ತಿಂಗಳು ಕಳೆದರೂ ಸುದ್ದಿ ಇಲ್ಲ. ಮೇಲಧಿಕಾರಿಗೆ ಮೊದಲ ಮೇಲ್ಮನವಿ ಕೊಟ್ಟೆ. ‘ಕಡತ ಹುಡುಕಲಾಗುತ್ತಿದೆ’ ಎಂಬ ಒಂದು ಸಾಲಿನ ಪತ್ರ ಬಂತು. ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ ಹಾಕಿದೆ. ವಿಚಾರಣೆಯ ನೋಟೀಸು ಬರಲು ಒಂದೂವರೆ ವರ್ಷ ಹಿಡಿಯಿತು. ಅದು ಕಚೇರಿಗೂ ಹೋಯಿತು ನೋಡಿ, ಸಿಗದ ಕಡತ ವಾರದಲ್ಲೇ ಸಿಕ್ಕಿತು!

ಯಾಕೆ ಹೀಗೆ? ಮಾಹಿತಿ ಅಧಿಕಾರಿಗೆ 30 ದಿನದ ಗಡುವು. ಮೊದಲ ಮೇಲ್ಮನವಿಗೆ 30, ಹೆಚ್ಚೆಂದರೆ 45 ದಿನ. ಆಯೋಗಕ್ಕೆ ಮಾತ್ರ ಕಾಯಿದೆಯಲ್ಲಿ ಗಡುವೇ ಇಲ್ಲ. ತಡ ಮಾಡಿದವರಿಗೆ ದಿನಕ್ಕೆ 250ರಂತೆ 25,000 ರೂ.ವರೆಗೆ ದಂಡ ಉಂಟು; ಆದರೆ ಅದನ್ನು ಹಾಕಬೇಕಾದ್ದು ಆಯೋಗವೇ. ಮೊದಲ ಮೇಲ್ಮನವಿ ಕೇಳುವವರು ಅದೇ ಇಲಾಖೆಯವರು, ಅವರಿಗೆ ದಂಡ ಹಾಕುವ ಅಧಿಕಾರವಿಲ್ಲ.

ಅರ್ಜಿ ಹಾಕುವವರು ಇಷ್ಟು ಗಮನಿಸಿ:

* ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸುಮಾರು 150 ಪದದೊಳಗೆ.

* ‘ಯಾಕೆ ಮಾಡಿಲ್ಲ’ ಎಂದು ಕೇಳಬೇಡಿ. ‘ಇಂಥ ತಾರೀಕಿನ ನನ್ನ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ನಕಲು ಕೊಡಿ’ ಎನ್ನಿ. ಯಾರ ಮೇಜಿನಲ್ಲಿ ಎಷ್ಟು ದಿನ ಕೂತಿತ್ತೆಂದು ಅದರಲ್ಲೇ ಗೊತ್ತಾಗುತ್ತದೆ.

* ‘ಇದು ನಮ್ಮ ಕಚೇರಿಯದ್ದಲ್ಲ’ ಎಂದರೆ, ಐದು ದಿನದೊಳಗೆ ಸಂಬಂಧಪಟ್ಟ ಕಚೇರಿಗೆ ಕಳಿಸುವ ಹೊಣೆ ಅವರದೇ.

* ಗಡುವು ಮೀರಿದರೆ ನಕಲು ಪುಕ್ಕಟೆ ಕೊಡಬೇಕು.

* ಮೊದಲ ಮೇಲ್ಮನವಿ 30 ದಿನದೊಳಗೆ, ಎರಡನೆಯದು 90 ದಿನದೊಳಗೆ. ತಾರೀಕು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಸ್ವೀಕೃತಿ, ಅಂಚೆ ರಶೀದಿ ಜೋಪಾನ.

* ಆಯೋಗಕ್ಕೆ ಬರೀ ‘ದೂರು’ ಕೊಟ್ಟರೆ ದಂಡ ಆಗಬಹುದು, ಕಾಗದ ಸಿಗದು. ಸುಪ್ರೀಂ ಕೋರ್ಟು 2011ರಲ್ಲಿ ಮಣಿಪುರದ ಪ್ರಕರಣದಲ್ಲಿ ಹೀಗೆಂದಿದೆ. ಕಾಗದ ಬೇಕಾದರೆ ಮೇಲ್ಮನವಿಯೇ ದಾರಿ.

ನಮ್ಮೂರಲ್ಲಿ ಈಗ ನಾಲ್ಕೈದು ಮಂದಿ ಒಟ್ಟಿಗೆ ಕೂತು ಅರ್ಜಿ ಬರೆಯುತ್ತೇವೆ. ವಿಚಾರಣೆಗೆ ಒಬ್ಬರ ಜತೆ ಇನ್ನೊಬ್ಬರು ಹೋಗುತ್ತೇವೆ. ಒಂಟಿಯಾಗಿ ಹೋದವರನ್ನು ಸುಸ್ತು ಮಾಡುವುದು ಸುಲಭ, ಜತೆಗೆ ಜನ ಇದ್ದರೆ ಅಷ್ಟು ಸುಲಭವಲ್ಲ.