ಗಾಳಿಯೂರಿಗೆ ಒಗ್ಗಿದ ಹಳದಿ ಚೆಂಡು

ಆಷಾಢ ಕಾಲಿಟ್ಟರೆ ಚಿತ್ರದುರ್ಗದ ಸೀಮೆಯಲ್ಲಿ ಗಾಳಿಯದೇ ಕಾರುಬಾರು. ಜೋಗಿಮಟ್ಟಿಯ ಕಡೆಯ ಗುಡ್ಡಸಾಲಿನ ಮೇಲೆ ನಿಂತ ಗಾಳಿಯಂತ್ರಗಳು ಹಗಲೂ ರಾತ್ರಿ ತಿರುಗುತ್ತವೆ. ಊರವರ ಬಾಯಲ್ಲಿ ಅವು ಬರೀ ‘ಫ್ಯಾನು’ಗಳು. ಹಿರಿಯೂರಿನ ಬಯಲಲ್ಲಿ ಒಣಹಾಕಿದ ಬಟ್ಟೆ ತಂತಿಯ ಮೇಲೆ ನಿಲ್ಲುವುದಿಲ್ಲ. ಇಂಥ ಸಂಜೆ ಮನೆ ಮುಂದೆ ಶಟಲ್ ಆಡಲು ನಿಂತ ಮಕ್ಕಳ ಪಾಡು ನೋಡಬೇಕು. ಎದುರಿಗಿದ್ದವಳಿಗೆ ಹೊಡೆದ ಕಾಕ್ ಪಕ್ಕದ ಮನೆಯ ಹೆಂಚಿನ ಮೇಲೆ ಹೋಗಿ ಕೂರುತ್ತದೆ. ಆಡುವುದಕ್ಕಿಂತ ಹುಡುಕುವುದೇ ಹೆಚ್ಚು.

ಅದೇ ಹೊತ್ತಿನಲ್ಲಿ, ಅದೇ ಗಾಳಿಯಲ್ಲಿ, ಹೈಸ್ಕೂಲಿನ ಮೈದಾನದಲ್ಲಿ ಒಂದು ಪುಟ್ಟ ಹಳದಿ ಚೆಂಡು ಜಗ್ಗದೆ ನೆಟ್ ದಾಟುತ್ತಿರುತ್ತದೆ. ಅದು ಬಾಲ್ ಬ್ಯಾಡ್ಮಿಂಟನ್ ಚೆಂಡು. ಒಳಗೂ ಹೊರಗೂ ಉಣ್ಣೆ. ಈ ಆಟ ಹುಟ್ಟಿದ ಕಥೆಯಲ್ಲೂ ಗಾಳಿಗೆ ಒಂದು ಪಾತ್ರವಿದೆ.

1850ರ ದಶಕದ ತಂಜಾವೂರಿಗೆ ಹೋಗೋಣ. ಮರಾಠ ಭೋಂಸಲೆ ಅರಸರ ಕೊನೆಯ ದಿನಗಳು ಮುಗಿದು ರಾಜ್ಯ ಕಂಪನಿ ಸರ್ಕಾರದ ಕೈಸೇರಿದ್ದ ಕಾಲ. 1856ರ ಸುಮಾರಿಗೆ ಅಲ್ಲಿನ ಅರಮನೆಯವರು ಉಣ್ಣೆಯ ಚೆಂಡನ್ನು ಬ್ಯಾಟಿನಿಂದ ನೆಟ್‌ನ ಆಚೆಗೆ ಹೊಡೆದು ಆಡುತ್ತಿದ್ದರೆಂದು ಈ ಆಟದ ಚರಿತ್ರೆ ಹೇಳುತ್ತದೆ. ಭಾರತದಲ್ಲಿದ್ದ ಬ್ರಿಟಿಷರಿಗೂ ಈ ಚೆಂಡು ಹಿಡಿಸಿತು. ಗರಿಯ ಕಾಕ್ ಹಿಡಿದು ಆಡುತ್ತಿದ್ದವರು ಗಾಳಿ ಎದ್ದರೆ, ಮಳೆಯ ತೇವವಿದ್ದರೆ ಅದನ್ನು ಬದಿಗಿಟ್ಟು ಉಣ್ಣೆ ಚೆಂಡನ್ನು ಕೈಗೆತ್ತಿಕೊಳ್ಳುತ್ತಿದ್ದರು.

ಮುಂದೆ ಎರಡರ ದಾರಿಯೂ ಬೇರೆಯಾಯಿತು. ಗರಿಯ ಆಟ ರಜೆಗೆ ಹೊರಟ ಸೈನ್ಯಾಧಿಕಾರಿಗಳ ಜೊತೆ ಹಡಗು ಹತ್ತಿ ಇಂಗ್ಲೆಂಡಿಗೆ ಹೋಯಿತು, ಅಲ್ಲಿನ ಬ್ಯಾಡ್ಮಿಂಟನ್ ಹೌಸ್ ಎಂಬ ಬಂಗಲೆಯ ಹೆಸರು ಪಡೆಯಿತು, ಕೊನೆಗೆ ಗಾಳಿಯೇ ನುಸುಳದ ಒಳಾಂಗಣ ಸೇರಿತು. ಉಣ್ಣೆಯ ಆಟ ಇಲ್ಲೇ, ದಕ್ಷಿಣದ ಬಯಲುಗಳಲ್ಲೇ ಉಳಿಯಿತು. 1954ರಲ್ಲಿ ಭಾರತ ಬಾಲ್ ಬ್ಯಾಡ್ಮಿಂಟನ್ ಫೆಡರೇಷನ್ ಹುಟ್ಟಿತು, 1956ರಲ್ಲಿ ಹೈದರಾಬಾದಿನಲ್ಲಿ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯಿತು. 1970ರಲ್ಲಿ ವಾರಂಗಲ್ಲಿನ ಪಿಚ್ಚಯ್ಯ ಅವರಿಗೆ ಅರ್ಜುನ ಪ್ರಶಸ್ತಿ ಬಂದಾಗ ಹಳ್ಳಿ ಮೈದಾನದ ಈ ಆಟಕ್ಕೆ ದೇಶದ ಮನ್ನಣೆಯೂ ದಕ್ಕಿತು.

ಗಾಳಿಗೆ ಈ ಚೆಂಡು ಯಾಕೆ ಬಗ್ಗುವುದಿಲ್ಲ? ತೂಕ ನೋಡಿದರೆ ತಿಳಿಯುತ್ತದೆ. ಗರಿಯ ಕಾಕ್ ಐದೂವರೆ ಗ್ರಾಂ ಮೀರುವಂತಿಲ್ಲ. ಉಣ್ಣೆ ಚೆಂಡು 27ರಿಂದ 30 ಗ್ರಾಂ, ಅಂದರೆ ಐದು ಪಟ್ಟು ಭಾರ. ಅಡ್ಡಳತೆ ಸುಮಾರು 5 ಸೆಂಟಿಮೀಟರ್, ದೊಡ್ಡ ನಿಂಬೆಹಣ್ಣಿನಷ್ಟು. ಟೆನಿಸ್ ಚೆಂಡಿನ ಸುಮಾರು ಅರ್ಧದಷ್ಟೇ ತೂಕವಾದ್ದರಿಂದ ಮಕ್ಕಳ ಮಣಿಕಟ್ಟಿಗೂ ನೋವಿಲ್ಲ. ಅದೂ ಅಲ್ಲದೆ, ಉಣ್ಣೆಯ ನವಿರು ಬ್ಯಾಟಿನ ತಂತಿಗೆ ಕಚ್ಚಿಕೊಳ್ಳುತ್ತದೆ. ಬ್ಯಾಟನ್ನು ಕೊಂಚ ಓರೆ ಮಾಡಿ ಸವರಿದರೆ ಚೆಂಡು ಗಿರಗಿರನೆ ತಿರುಗುತ್ತ ಹೋಗಿ ಎದುರಾಳಿಯ ಕೈ ತಪ್ಪಿಸುತ್ತದೆ. ಪಳಗಿದವರ ಆಟದ ಸೊಗಸೆಲ್ಲ ಈ ತಿರುವಿನಲ್ಲಿದೆ.

ಒಂದು ಊರಿನ ಆಟವನ್ನು ಆ ಊರಿನ ಹವೆ, ಅಲ್ಲಿ ಸಿಗುವ ಜಾಗ ತಿದ್ದುತ್ತವೆ. ಅಮೆರಿಕದಲ್ಲೂ ಹೀಗೇ ಆಯಿತು. ಕನೆಕ್ಟಿಕಟ್ ರಾಜ್ಯದ ಗ್ರಿನಿಚ್‌ನಲ್ಲಿ ಜೋ ಸೋಬೆಕ್ ಎಂಬಾತ 1950ರಲ್ಲಿ ಗಿಡ್ಡ ಹಿಡಿಯ ತಂತಿ ಬ್ಯಾಟೊಂದನ್ನು ರೂಪಿಸಿದ. ಹ್ಯಾಂಡ್‌ಬಾಲ್‌ಗೆಂದು ಕಟ್ಟಿದ್ದ ನಾಲ್ಕು ಗೋಡೆಯ ಕೋಣೆಗಳು ಅಲ್ಲಿ ಮೊದಲೇ ಇದ್ದವು. ಅವುಗಳಲ್ಲೇ ರಬ್ಬರ್ ಚೆಂಡು ಹೊಡೆದು ಆಡತೊಡಗಿದರು. ಅದೇ ಇಂದಿನ ರ‍್ಯಾಕೆಟ್‌ಬಾಲ್. 40 ಅಡಿ ಉದ್ದ, 20 ಅಡಿ ಅಗಲ, 20 ಅಡಿ ಎತ್ತರದ ಆ ಕೋಣೆಯಲ್ಲಿ ಚಾವಣಿಗೂ ಚೆಂಡು ಬಡಿಯಬಹುದು. ಚಳಿ ಸೀಮೆಗೆ ಗೋಡೆಯ ಆಟ ಒಗ್ಗಿತು. ಹೊಳಲ್ಕೆರೆಯ ಶಾಲೆಗೆ ಅಂಥ ಕೋಣೆ ಕಟ್ಟುವ ದುಡ್ಡು ಎಲ್ಲಿಂದ ಬರಬೇಕು? ನಮ್ಮಲ್ಲಿರುವುದು ಬಯಲು.

ಆ ಬಯಲಿನಲ್ಲಿ 24 ಮೀಟರ್ ಉದ್ದ, 12 ಮೀಟರ್ ಅಗಲದ ಅಂಕಣಕ್ಕೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ನಡುವೆ ಎರಡು ಕಂಬ ನೆಟ್ಟು, ಸುಮಾರು 6 ಅಡಿ ಎತ್ತರಕ್ಕೆ ನೆಟ್ ಕಟ್ಟಿದರೆ ಆಯಿತು. ಒಂದೊಂದು ಕಡೆಗೆ ಐದು ಜನ: ಮುಂದೆ ಇಬ್ಬರು, ಹಿಂದೆ ಇಬ್ಬರು, ನಡುವೆ ಒಬ್ಬರು. ಈ ನಡುವಿನವರೇ ತಂಡದ ಜೀವ. ಎಲ್ಲರ ತಪ್ಪನ್ನೂ ಮುಚ್ಚಬೇಕಾದವರು ಅವರು.

ಹೊಸದಾಗಿ ಕಲಿಯುವವರಿಗೆ ಮೂರು ಮಾತು. ಚೆಂಡು ನೆಲಕ್ಕೆ ಬೀಳುವ ಮುನ್ನವೇ ಹೊಡೆಯಬೇಕು, ಅದೂ ಒಂದೇ ಏಟಿಗೆ ಆಚೆ ದಾಟಿಸಬೇಕು. ವಾಲಿಬಾಲ್‌ನಂತೆ ಜೊತೆಗಾರರಿಗೆ ಎತ್ತಿಕೊಡುವಂತಿಲ್ಲ. ಸರ್ವಿಸ್ ಸೊಂಟದಿಂದ ಕೆಳಗೆ, ಅಡ್ಡಮೂಲೆಯ ಅಂಕಣಕ್ಕೆ. ಮೂರನೆಯದು ನಮ್ಮ ಪಿ.ಟಿ. ಮೇಷ್ಟ್ರು ನನಗೆ ಕಲಿಸಿದ್ದು. ಎಂಟನೇ ಕ್ಲಾಸಿನಲ್ಲಿ ಬ್ಯಾಟು ಹಿಡಿದ ಮೊದಲ ದಿನ ನಾನು ತೋಳು ಬೀಸಿ ಹೊಡೆದು ಚೆಂಡನ್ನು ಕಾಂಪೌಂಡಿನ ಆಚೆಗೆ ಅಟ್ಟಿದ್ದೆ. ಅವರು ಬೈಯಲಿಲ್ಲ. ಹಿಂದೆ ಬಂದು ನಿಂತು, ನನ್ನ ಮೊಣಕೈಯನ್ನು ಪಕ್ಕೆಗೆ ಒತ್ತಿಹಿಡಿದು, ಬರೀ ಮಣಿಕಟ್ಟು ಆಡಿಸು ಎಂದರು. ಹತ್ತು ಸಲ ನೆಟ್‌ಗೆ ಬಡಿದ ಚೆಂಡು ಹನ್ನೊಂದನೆಯ ಸಲ ಸದ್ದಿಲ್ಲದೆ ದಾಟಿತು. ಕೆಂಪು ಮಣ್ಣು ಮೆತ್ತಿ ಅದರ ಹಳದಿ ಆಗಲೇ ಕಂದಾಗಿತ್ತು. ಅಂಗೈಗೆ ತಗುಲಿದ ಆ ಮೆತ್ತನೆಯ ‘ಟಪ್’ ಇಂದಿಗೂ ನೆನಪಿದೆ.

ಈ ಆಟವನ್ನು ಇಷ್ಟು ಕಾಲ ಕಾಪಾಡಿದವರು ಇಂಥ ಮೇಷ್ಟ್ರುಗಳೇ. ಶಾಲಾ ಕ್ರೀಡಾಕೂಟಗಳಲ್ಲಿ ಕಬಡ್ಡಿ, ಖೋಖೋ, ಥ್ರೋಬಾಲ್ ಜೊತೆಗೆ ಬಾಲ್ ಬ್ಯಾಡ್ಮಿಂಟನ್ನಿಗೂ ಜಾಗವಿದೆ. ತಾಲ್ಲೂಕು ಗೆದ್ದವರು ಜಿಲ್ಲೆಗೆ, ಅಲ್ಲಿಂದ ವಿಭಾಗಕ್ಕೆ, ರಾಜ್ಯಕ್ಕೆ. ಈ ಕೂಟಗಳು ಹೆಚ್ಚಾಗಿ ನಡೆಯುವುದು ಶ್ರಾವಣ, ಭಾದ್ರಪದದ ಸುಮಾರಿಗೆ, ಗಾಳಿಯ ಆರ್ಭಟ ಇನ್ನೂ ತಣಿಯದ ದಿನಗಳಲ್ಲಿ. ಹೊಸದುರ್ಗದ ಹಳ್ಳಿಯಿಂದ ಬಂದ ಹುಡುಗಿಗೆ ಇದೇ ಅನುಕೂಲ: ದಿನವೂ ಎದುರು ಗಾಳಿಯಲ್ಲಿ ಆಡಿ ಬಂದವಳಿಗೆ ಚೆಂಡನ್ನು ಎಲ್ಲಿ ತಡೆಯಬೇಕು, ಎಲ್ಲಿ ತೇಲಿಬಿಡಬೇಕು ಎಂಬುದು ಗೊತ್ತಿರುತ್ತದೆ.

ಈಗ ಊರೂರಲ್ಲಿ ತಗಡಿನ ಸೂರಿನ ಶಟಲ್ ಕೋರ್ಟುಗಳು ಏಳುತ್ತಿವೆ. ಏಳಲಿ, ಸಂತೋಷ. ಆದರೆ ಗಂಟೆಗಿಷ್ಟು ಎಂದು ಬಾಡಿಗೆ ಕೊಟ್ಟು ಆಡಲು ಎಲ್ಲ ಮನೆಯ ಮಕ್ಕಳಿಗೂ ಆಗುವುದಿಲ್ಲ. ಕ್ರೀಡಾಕೂಟ ಮುಗಿದ ವಾರಕ್ಕೇ ಸುಣ್ಣದ ಗೆರೆ ಅಳಿಸಿಹೋಗಿ, ನೆಟ್ ಬೀರುವಿನೊಳಗೆ ಸೇರುವುದು ಮಾತ್ರ ತಪ್ಪಬೇಕು. ಹಳೆಯ ವಿದ್ಯಾರ್ಥಿಗಳು ಕೂಡಿ ತಮ್ಮ ಶಾಲೆಗೆ ಹತ್ತು ಬ್ಯಾಟು, ಒಂದು ಡಜನ್ ಚೆಂಡು ಕೊಡಿಸಿದರೆ ವರ್ಷವಿಡೀ ಆ ಕಂಬಗಳ ನಡುವೆ ನೆಟ್ ಇರುತ್ತದೆ. ಬಯಲು ಹೇಗೂ ಇದೆ. ಗಾಳಿಯನ್ನಂತೂ ಯಾರೂ ಕೊಡಿಸಬೇಕಾಗಿಲ್ಲ.